ಸ್ತೋತ್ರ ಹೇಳಲು ಬಾಯಿ ಬಾರದಿರುವಾಗ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವಳು. ವಯಸ್ಸು 41, ಶಾಲಾ ಶಿಕ್ಷಕಿ. ನನ್ನ ಯಜಮಾನರು 12 ವರ್ಷ ಕುವೈತಿನಲ್ಲಿ ದುಡಿದವರು. 11 ತಿಂಗಳ ಹಿಂದೆ ಕೆಲಸದ ಜಾಗದಲ್ಲೇ ಅವರಿಗೆ ಸ್ಟ್ರೋಕ್ ಆಯಿತು. ಸ್ಟ್ರೆಚರ್ ಮೇಲೆ ಮಲಗಿಸಿಯೇ ವಿಮಾನದಲ್ಲಿ ಊರಿಗೆ ಕರೆತಂದೆವು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಹೋಗಿದೆ. ಕಟ್ಟಿಸುತ್ತಿದ್ದ ಮನೆ ಲಿಂಟಲ್ ಮಟ್ಟದಲ್ಲೇ ನಿಂತಿದೆ. ನಾಲ್ಕು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆದಾಗ, ನನ್ನ ಹೆಸರನ್ನೂ ಹೇಳಲಾಗದ ಅವರು ಚಿಕ್ಕಂದಿನಿಂದ ಹಾಡಿಕೊಂಡು ಬಂದಿದ್ದ ಚರ್ಚಿನ ಸಂಗೀತದ (ಭಕ್ತಿಗೀತೆಯ) ಒಂದು ಚರಣವನ್ನು ಎಲ್ಲರೊಡನೆ ಸ್ಪಷ್ಟವಾಗಿ ಹಾಡಿಬಿಟ್ಟರು. ಮನೆ ತುಂಬಾ ಸ್ತೋತ್ರದ ಧ್ವನಿ ಎದ್ದಿತು. "ನಾಲಿಗೆಯ ಕಟ್ಟು ಬಿಚ್ಚಿದೆ, ನೀನೂ ಮನಸ್ಸು ಬಿಚ್ಚಿ ಸ್ತುತಿಸಿದರೆ ಉಳಿದದ್ದೆಲ್ಲ ಬರುತ್ತದೆ" ಎಂದು ಹಿರಿಯರು ಹೇಳಿದರು. ಅದಾದ ಮೇಲೆ ಒಂದು ಮಾತೂ ಬಂದಿಲ್ಲ. ಅತ್ತೆ ದಿನವಿಡೀ "ಸ್ತೋತ್ರ ತಂದೆಯೇ" ಎನ್ನುತ್ತಿರುತ್ತಾರೆ. ನನಗೆ ಆ ಪದ ಗಂಟಲಿನಿಂದ ಹೊರಡುವುದಿಲ್ಲ. 15 ವರ್ಷದ ಮಗಳು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಒಬ್ಬರು ಮೂರು ದಿನದ ಸ್ವಸ್ಥತಾ ಕೂಟಕ್ಕೆ ಬನ್ನಿ, ನಂಬಿಕೆಯಿಂದ ಬರುವುದಾದರೆ ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದಿದ್ದಾರೆ. ಬರುವ ತಿಂಗಳ ಕೃತಜ್ಞತಾ ಆರಾಧನೆಯಲ್ಲಿ ಆ ಹಾಡಿನ ಬಗ್ಗೆ ನಾನು ಸಾಕ್ಷಿ ಹೇಳಬೇಕಂತೆ. ಸ್ತುತಿಸಲು ಆಗದಿರುವುದು ಅವಿಶ್ವಾಸವೇ? ಮನಸ್ಸಿಲ್ಲದೆ ಬಾಯಲ್ಲಿ ಹೇಳಿದರೆ ಕಪಟವಾಗುವುದಿಲ್ಲವೇ? ನನ್ನಿಂದಾಗಿಯೇ ಅವರ ಮಾತು ನಿಂತಿತೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ನಿಮ್ಮನ್ನು ರಾತ್ರಿ ಎಬ್ಬಿಸುವಂಥದ್ದು ಎಂದು ನನಗೆ ತೋರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇಲ್ಲ, ನಿಮ್ಮಿಂದಾಗಿ ಅವರ ಮಾತು ನಿಲ್ಲಲಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ದೇವಶಾಸ್ತ್ರ ಓದಿ, ಬಳಿಕ ಆಪ್ತಸಮಾಲೋಚನೆಯ ತರಬೇತಿ ಪಡೆದು, 26 ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಮತ್ತು ಅವರ ಮನೆಯವರ ಪಕ್ಕದಲ್ಲಿ ಕುಳಿತಿದ್ದ ನನಗೆ, ನೀವು ವಿವರಿಸಿದ ಆ ಹಾಡಿನ ಸಂಗತಿ ಹೊಸದಲ್ಲ. ಅದರ ಕಾರಣ ತಿಳಿದರೆ ನಿಮ್ಮ ತಲೆಯ ಮೇಲಿನ ಅರ್ಧ ಹೊರೆ ಇಳಿಯಬಹುದು.

ಹೆಚ್ಚಿನವರಲ್ಲಿ ಮಾತನ್ನು ಕಟ್ಟುವ ಕೆಲಸ ಮೆದುಳಿನ ಎಡಭಾಗದ್ದು. ದೇಹದ ಬಲಭಾಗವನ್ನು ನಡೆಸುವುದೂ ಅದೇ ಎಡಭಾಗ. ಆದ್ದರಿಂದ ಎಡಗಡೆ ರಕ್ತ ಸಂಚಾರ ನಿಂತಾಗ ಬಲಗೈ, ಬಲಗಾಲಿನ ಜೊತೆಗೆ ಮಾತೂ ಹೋಗುವುದುಂಟು. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಆದರೆ ಹೊಸದಾಗಿ ಪದ ಹುಡುಕಿ ವಾಕ್ಯ ಕಟ್ಟುವುದು ಒಂದು ಕೆಲಸ, ಬಾಲ್ಯದಿಂದ ಸಾವಿರ ಸಲ ಹೇಳಿ ನಾಲಿಗೆಗೆ ರೂಢಿಯಾದದ್ದು ತಾನಾಗಿ ಹೊರಬರುವುದು ಇನ್ನೊಂದು. ಒಂದರಿಂದ ಹತ್ತರವರೆಗೆ ಎಣಿಸುವುದು, ವಾರದ ಹೆಸರುಗಳು, ಕರ್ತನ ಪ್ರಾರ್ಥನೆ, ಹಳೆಯ ಸಂಗೀತಗಳು ಈ ಎರಡನೆಯ ಬಗೆಯವು. ರಾಗ ಮತ್ತು ಲಯವನ್ನು ಹಿಡಿಯುವುದರಲ್ಲಿ ಮೆದುಳಿನ ಬಲಭಾಗಕ್ಕೂ ದೊಡ್ಡ ಪಾಲಿರುವುದರಿಂದ, ಎಡಭಾಗ ಪೆಟ್ಟು ತಿಂದರೂ ಹಾಡು ಉಳಿದುಕೊಳ್ಳುವುದುಂಟು. ನೀರು ಬೇಕು ಎನ್ನಲಾಗದವರು ಇಡೀ ಕೀರ್ತನೆ ಹಾಡುವುದನ್ನು ನಾನು ವಾರ್ಡಿನಲ್ಲಿ ಹಲವು ಸಲ ಕಂಡಿದ್ದೇನೆ. 1745ರಷ್ಟು ಹಿಂದೆಯೇ ಸ್ವೀಡನ್ನಿನ ಊಲೋಫ್ ಡಾಲಿನ್ ಎಂಬವರು ಇಂಥದ್ದೇ ಒಬ್ಬ ಯುವಕನ ಬಗ್ಗೆ ಬರೆದಿಟ್ಟಿದ್ದಾರೆ: ಬಲಭಾಗ ಬಿದ್ದುಹೋಗಿ ಮಾತು ಕಳೆದುಕೊಂಡಿದ್ದ ಆತ, ಕಾಯಿಲೆಗೆ ಮೊದಲು ಕಲಿತಿದ್ದ ಭಕ್ತಿಗೀತೆಗಳನ್ನು ಮಾತ್ರ ಆರೋಗ್ಯವಂತರಂತೆ ಸ್ಪಷ್ಟವಾಗಿ ಹಾಡುತ್ತಿದ್ದ.

ಹಾಗಾದರೆ ಅಂದು ನಿಮ್ಮ ಮನೆಯಲ್ಲಿ ನಡೆದದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದವರು ತಪ್ಪು ಮಾಡಿದರೇ ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹನ್ನೆರಡು ವರ್ಷ ಫೋನಿನಲ್ಲೇ ಹೆಚ್ಚಾಗಿ ಕೇಳಿದ, ಬಳಿಕ ಇಲ್ಲವೇ ಆಗಿಹೋದ ಆ ಧ್ವನಿ ಒಂದು ಚರಣದಷ್ಟು ಕಾಲ ಮನೆಯೊಳಗೆ ಮರಳಿ ಬಂದಿತಲ್ಲ, ಅದಕ್ಕೆ ಕೃತಜ್ಞತೆ ಸಲ್ಲಿಸಲು ಮೆದುಳಿನ ವಿವರಣೆ ಅಡ್ಡಿಯಾಗಬೇಕಿಲ್ಲ. ತಪ್ಪಾದದ್ದು ಅದರ ಬೆನ್ನಿಗೆ ಬಂದ ಮಾತಿನಲ್ಲಿ. "ನೀನು ಸ್ತುತಿಸಿದರೆ ಉಳಿದದ್ದೂ ಬರುತ್ತದೆ" ಎಂದ ಕ್ಷಣದಲ್ಲಿ ಸ್ತೋತ್ರ ಒಂದು ಮುಂಗಡ ಹಣವಾಯಿತು, ದೇವರು ಅಂಗಡಿಯವನಾದ, ಮಾತು ಬಾರದಿದ್ದಾಗ ಬಾಕಿ ಉಳಿಸಿಕೊಂಡವಳು ನೀವಾದಿರಿ. ಹಾಡು ಬಂದ ಮಾತ್ರಕ್ಕೆ ಮಾತು ಹಿಂಬಾಲಿಸಿಯೇ ತೀರಬೇಕೆಂಬ ನಿಯಮ ವೈದ್ಯಶಾಸ್ತ್ರದಲ್ಲಿಯೂ ಇಲ್ಲ, ವೇದಪುಸ್ತಕವಾದ ಬೈಬಲಿನಲ್ಲಿಯೂ ಇಲ್ಲ.

ಸ್ತುತಿಸಿದರೆ ಬರುತ್ತದೆ ಎನ್ನುವವರು ಸಾಮಾನ್ಯವಾಗಿ ನೆನಪಿಸುವುದು ಯೇಸುವಿನ ಸುವಾರ್ತೆ ಸಾರಿದ ಪೌಲ ಮತ್ತು ಸೀಲರ ಕಥೆಯನ್ನು. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲುಗಳಿಗೆ ಕೋಳ ಹಾಕಿಸಿಕೊಂಡು ಮಧ್ಯರಾತ್ರಿ ಹಾಡುತ್ತಿದ್ದಾಗ ಭೂಕಂಪವಾಗಿ ಬಾಗಿಲುಗಳು ತೆರೆದವು ಎಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಬಾಗಿಲು ತೆರೆಯಲಿ ಎಂದು ಅವರು ಹಾಡಿದರೆಂದು ಅಲ್ಲಿ ಬರೆದಿಲ್ಲ. ತೆರೆದ ಮೇಲೂ ಅವರು ಓಡಿಹೋಗಲಿಲ್ಲ. ಅದೇ ಪೌಲ ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲವೆಂದು ಕೊರಿಂಥದವರಿಗೆ ತಾನೇ ಬರೆದಿದ್ದಾನೆ. ಮೊದಲನೆಯ ಕಥೆಗೆ ನಮ್ಮ ಕೂಟಗಳಲ್ಲಿ ಸಿಗುವ ಸಮಯದ ಕಾಲುಭಾಗ ಎರಡನೆಯದಕ್ಕೆ ಸಿಕ್ಕಿದ್ದರೂ ನಿಮ್ಮಂಥವರ ಪತ್ರಗಳು ನನಗೆ ಕಡಿಮೆ ಬರುತ್ತಿದ್ದವು.

ಈಗ ಅವಿಶ್ವಾಸದ ಪ್ರಶ್ನೆಗೆ ಬರುತ್ತೇನೆ. ಬೈಬಲಿನ ಕೀರ್ತನೆಗಳ ಪುಸ್ತಕಕ್ಕೆ ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ತೆಹಿಲ್ಲೀಮ್ ಎಂದು ಹೆಸರು. ಸ್ತುತಿಗಳು ಎಂದು ಅದರ ಅರ್ಥ. ಆದರೆ ಆ ಹೆಸರಿನ ಪುಸ್ತಕವನ್ನು ತೆರೆದು ನೋಡಿದರೆ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದೂರು, ಅಳಲು, ಮೊರೆಗಳೇ. 13ನೆಯ ಕೀರ್ತನೆ "ಎಷ್ಟರವರೆಗೆ" ಎಂಬ ಪದವನ್ನು ನಾಲ್ಕು ಸಲ ದೇವರ ಮುಖಕ್ಕೆ ಎಸೆದು ಆರಂಭವಾಗುತ್ತದೆ. 22ನೆಯದರ ಮೊದಲ ಸಾಲನ್ನು, ನನ್ನ ದೇವರೇ ಏಕೆ ಕೈಬಿಟ್ಟಿದ್ದೀ ಎಂಬುದನ್ನು, ಯೇಸು ಶಿಲುಬೆಯ ಮೇಲೆ ತನ್ನದಾಗಿ ಮಾಡಿಕೊಂಡ. 88ನೆಯದಂತೂ ಆರಂಭದಿಂದ ಕೊನೆಯವರೆಗೆ ಕತ್ತಲೆಯೇ; ಮೂಲದಲ್ಲಿ ಅದರ ಕೊನೆಯ ಪದವೂ ಕತ್ತಲೆ ಎಂದೇ ಇದೆ, ಸಮಾಧಾನದ ಒಂದು ಸಾಲನ್ನೂ ಯಾರೂ ಅದಕ್ಕೆ ಅಂಟಿಸಲಿಲ್ಲ. ಇವೆಲ್ಲವನ್ನೂ ಸ್ತುತಿಗಳು ಎಂಬ ಒಂದೇ ಹೆಸರಿನಡಿ ಸೇರಿಸಿದವರು, ದೇವರಿಗೆ ಮುಖಕೊಟ್ಟು ದೂರುವವನು ದೇವರಿಗೆ ಬೆನ್ನು ತಿರುಗಿಸಿಲ್ಲ ಎಂದು ಅರಿತಿದ್ದವರು.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರದ್ದು 137ನೆಯ ಕೀರ್ತನೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಯೆರೂಸಲೇಮ್ ನಾಶವಾಗಿ, ಜನರು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋಗಿ, ನದಿಯ ಬಳಿ ಕುಳಿತು ಅಳುತ್ತಿದ್ದಾಗ, ಸೆರೆಹಿಡಿದವರು ಚೀಯೋನಿನ, ಅಂದರೆ ಯೆರೂಸಲೇಮಿನ, ಹಾಡುಗಳಲ್ಲಿ ಒಂದನ್ನು ಹಾಡಿರೆಂದು ಕೇಳುತ್ತಾರೆ. ಇವರು ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿ, ಪರದೇಶದಲ್ಲಿ ಆ ಹಾಡನ್ನು ಹೇಗೆ ಹಾಡೋಣ ಎನ್ನುತ್ತಾರೆ. ಹಾಡಲಾರೆವು ಎಂಬ ಆ ಉತ್ತರವೇ ಒಂದು ಕೀರ್ತನೆಯಾಗಿ ಉಳಿಯಿತು. ನಿಮ್ಮ ಸಭೆಯ ಹಿರಿಯರು ಬಾಬೆಲಿನವರಲ್ಲ, ನಿಮ್ಮ ಮೇಲೆ ಪ್ರೀತಿಯುಳ್ಳವರೇ ಇರಬೇಕು. ಆದರೂ ದುಃಖದಲ್ಲಿರುವವರಿಂದ ಹಾಡನ್ನು ವಸೂಲಿ ಮಾಡುವುದು ಎಂಥದ್ದೆಂದು ಆ ಕೀರ್ತನೆಗೆ ಚೆನ್ನಾಗಿ ಗೊತ್ತು.

ಬೈಬಲಿನ ಯೋಬನ ಹೆಸರನ್ನು ನಿಮ್ಮ ಮನೆಗೆ ಬಂದವರಲ್ಲಿ ಒಬ್ಬರಾದರೂ ಹೇಳಿಯೇ ಇರುತ್ತಾರೆ. ಯೆಹೋವನು ಕೊಟ್ಟನು, ಯೆಹೋವನು ತೆಗೆದುಕೊಂಡನು ಎಂದು ಅವನು ಆತನ ನಾಮವನ್ನು ಸ್ತುತಿಸಿದ್ದು ಮೊದಲನೆಯ ಅಧ್ಯಾಯದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಒಂದೇ ದಿನ ಕಳೆದುಕೊಂಡಾಗ. ಎಲ್ಲರೂ ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಅದೇ ಮನುಷ್ಯ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಮುಂದಿನ ಹತ್ತಾರು ಅಧ್ಯಾಯಗಳಲ್ಲಿ ದೇವರೊಡನೆ ವ್ಯಾಜ್ಯ ಹೂಡುತ್ತಾನೆ. ಏಳು ದಿನ ಬಾಯಿಮುಚ್ಚಿ ಅವನ ಜೊತೆ ನೆಲದ ಮೇಲೆ ಕುಳಿತಿದ್ದ ಗೆಳೆಯರು ಬಾಯಿ ತೆರೆದದ್ದೇ ದೇವರ ಪರ ವಕಾಲತ್ತಿಗೆ ನಿಂತರು. ಕೊನೆಗೆ 42ನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬನಂತೆ ನೀವು ಸರಿಯಾದದ್ದನ್ನು ಆಡಲಿಲ್ಲ ಎಂದು.

ಆ ಗೆಳೆಯರ ಸಾಲಿನಲ್ಲಿ ನಾನೂ ಒಮ್ಮೆ ಕುಳಿತಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿಯೊಬ್ಬರ ಬಳಿ ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತು, ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂಬ ವಾಕ್ಯವನ್ನು ಓದಿದೆ. ಅವರು ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಮಗನ ಚಪ್ಪಲಿಗಳ ಮಣ್ಣನ್ನು ಸೆರಗಿನ ತುದಿಯಿಂದ ಒರೆಸುತ್ತಲೇ ಇದ್ದರು, ನಾನು ಓದಿ ಮುಗಿಸಿದ ಮೇಲೂ ಒರೆಸುತ್ತಿದ್ದರು. ಓದಿದ್ದು ನನ್ನ ಅಂಜಿಕೆಯನ್ನು ಅಡಗಿಸಲು ಎಂದು ಅರ್ಥವಾಗಲು ನನಗೆ ಕೆಲವು ವರ್ಷಗಳೇ ಬೇಕಾದವು. ನಿಮ್ಮ ಮನೆಯಲ್ಲಿ ಜೋರಾಗಿ ಸ್ತೋತ್ರ ಹೇಳಿಸಲು ಹೊರಟವರಲ್ಲಿಯೂ ಕೆಲವರು ಹೀಗೆ ಅಂಜಿದವರಿರಬಹುದು: 40 ದಾಟಿದ ಗಟ್ಟಿಮುಟ್ಟಾದ ಮನುಷ್ಯ ಒಂದು ಬೆಳಗ್ಗೆ ಹೀಗೆ ಬೀಳಬಹುದಾದರೆ ನಾಳೆ ನಮಗೂ ಆಗಬಹುದಲ್ಲ ಎಂಬ ಅಂಜಿಕೆಗೆ, ಸ್ತುತಿಸುವವರಿಗೆ ಎಲ್ಲವೂ ಸರಿಹೋಗುತ್ತದೆ ಎಂಬ ಸೂತ್ರ ಒಳ್ಳೆಯ ಮದ್ದು. ಆ ಮದ್ದನ್ನು ಅವರಿಗಾಗಿ ನೀವು ಕುಡಿಯಬೇಕಾಗಿ ಬಂದದ್ದು ಮಾತ್ರ ಅನ್ಯಾಯ.

ನಾನು ಅಂದು ಓದಿದ ಆ ವಾಕ್ಯವನ್ನೇ ಸ್ವಲ್ಪ ನೋಡೋಣ. ಥೆಸಲೊನೀಕದವರಿಗೆ ಪೌಲ ಬರೆದದ್ದು "ಎಲ್ಲಾದರಲ್ಲಿಯೂ" ಎಂದು. ಪ್ರತಿಯೊಂದು ಸ್ಥಿತಿಯ ಒಳಗಿದ್ದುಕೊಂಡು ಎಂಬುದು ಅದರ ಭಾವ. ಪ್ರತಿಯೊಂದು ವಿಪತ್ತಿಗಾಗಿ ಎಂದು ಓದಬೇಕಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರವೂ ಸ್ತೋತ್ರಮಾಡಿರಿ ಎಂಬ ಅರ್ಥದ ಮಾತೂ ಇದೆ, ಆದ್ದರಿಂದ ಬರೀ ವಿಭಕ್ತಿ ಪ್ರತ್ಯಯದ ಮೇಲೆ ಈ ವಾದವನ್ನು ಗೆಲ್ಲಲಾಗದು. ನಾನು ನೋಡುವುದು ಬರೆದವನು ಹೇಗೆ ನಡೆದುಕೊಂಡ ಎಂಬುದನ್ನು. ಜೊತೆಗಾರ ಎಪಫ್ರೊದೀತನು ಕಾಯಿಲೆಬಿದ್ದು ಸಾಯುವ ಹಾಗಿದ್ದು ಬದುಕಿಕೊಂಡಾಗ, ನನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ನನ್ನನ್ನೂ ಕರುಣಿಸಿದನು ಎಂದು ಪೌಲ ಫಿಲಿಪ್ಪಿಯವರಿಗೆ ಬರೆಯುತ್ತಾನೆ. ಅವನು ಸತ್ತಿದ್ದರೆ ಅದಕ್ಕೂ ಸ್ತೋತ್ರ ಹೇಳುತ್ತಿದ್ದೆ ಎನ್ನುವುದಿಲ್ಲ. ದುಃಖವನ್ನು ದುಃಖ ಎಂದೇ ಕರೆಯುತ್ತಾನೆ. ಹಾಗೆಯೇ ನಿಮ್ಮ ಯಜಮಾನರ ಸ್ಟ್ರೋಕಿಗಾಗಿ ನೀವು ದೇವರಿಗೆ ಸ್ತೋತ್ರ ಹೇಳಬೇಕಾಗಿಲ್ಲ.

ಮನಸ್ಸಿನ ವಿಷಯದಲ್ಲಿ ಎರಡು ಮಾತು. ಧರ್ಮಶ್ರದ್ಧೆಯು ಕಷ್ಟಕಾಲದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಕೆನೆತ್ ಪರ್ಗಮೆಂಟ್ ಮತ್ತು ಸಂಗಡಿಗರು, ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂಬ ಒಳತೋಟಿಯನ್ನು ವಯಸ್ಸಾದ ರೋಗಿಗಳಲ್ಲಿ ಗಮನಿಸಿದರು. ಆ ತೋಟಿ ಬಂದು ಹೋದವರಿಗಿಂತ, ಅದರಲ್ಲೇ ವರ್ಷಗಟ್ಟಲೆ ಸಿಲುಕಿಕೊಂಡವರ ಆರೋಗ್ಯಕ್ಕೆ ಹೆಚ್ಚು ಹಾನಿಯಾಗಿತ್ತು. ನಾನು ಕಂಡ ಮಟ್ಟಿಗೆ ಜನ ಅದರಲ್ಲಿ ಸಿಲುಕಿಕೊಳ್ಳುವುದು ಅದನ್ನು ಹೇಳಿಕೊಳ್ಳಲು ಜಾಗವಿಲ್ಲದಾಗ. ಬಾಯಲ್ಲಿ ಸ್ತೋತ್ರ, ಒಳಗೆ ಕುದಿಯುವ ಕೋಪ, ಎರಡರ ನಡುವೆ ಗೋಡೆ. ಹಗಲು ಆ ಗೋಡೆ ಹಿಡಿದು ನಿಂತವರಿಗೆ ರಾತ್ರಿ ನಿದ್ರೆ ಬರುವುದಿಲ್ಲ.

ಕಪಟದ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. ಮನಸ್ಸು ಜೊತೆಗೂಡದೆ ಬಾಯಿ ಹೇಳುವುದೆಲ್ಲ ಕಪಟವಲ್ಲ. 42ನೆಯ ಕೀರ್ತನೆಯವನು ಕಣ್ಣೀರೇ ಹಗಲಿರುಳು ಆಹಾರವಾಗಿದೆ ಎಂದು ಹೇಳಿಕೊಳ್ಳುತ್ತಲೇ, ಏಕೆ ಕುಗ್ಗಿದ್ದೀ, ದೇವರಿಗಾಗಿ ಕಾದಿರು, ಇನ್ನು ಮುಂದೆ ಆತನನ್ನು ಸ್ತುತಿಸುವೆನು ಎಂದು ತನ್ನ ಮನಸ್ಸಿಗೆ ತಾನೇ ಹೇಳುತ್ತಾನೆ. ಆ ಕ್ರಿಯಾಪದ ಭವಿಷ್ಯತ್ ಕಾಲದಲ್ಲಿರುವುದನ್ನು ಗಮನಿಸಿ. ಇವತ್ತು ಆಗುತ್ತಿಲ್ಲ ಎಂಬ ಒಪ್ಪಿಗೆಯೂ ಅಲ್ಲಿದೆ, ಆ ದಿಕ್ಕಿಗೆ ಮುಖಮಾಡಿ ನಿಲ್ಲುವ ತೀರ್ಮಾನವೂ ಇದೆ. ಸ್ತುತಿಯನ್ನು ಆರಿಸಿಕೊಳ್ಳುವುದು ಎಂದರೆ ನನಗೆ ಅರ್ಥವಾಗಿರುವುದು ಇಷ್ಟೇ, ಮತ್ತು ಆರಿಸಿಕೊಳ್ಳುವುದು ಎಂಬ ಮಾತಿಗೆ ಬೆಲೆ ಬರುವುದು ಇವತ್ತು ಬೇಡ ಎನ್ನಲೂ ನಿಮಗೆ ಅವಕಾಶವಿದ್ದಾಗ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಬರುವ ಸ್ತೋತ್ರಯಜ್ಞ ಎಂಬ ಪದವನ್ನು ನಿಮಗೆ ಯಾರಾದರೂ ಹೇಳಿದ್ದರೆ, ಅದು ನೀವಾಗಿ ಅರ್ಪಿಸುವ ಯಜ್ಞ, ಪಕ್ಕದವರು ನಿಮ್ಮ ಕೈಯಿಂದ ಕಿತ್ತು ಅರ್ಪಿಸುವಂಥದ್ದಲ್ಲ ಎಂದು ನೆನಪಿಡಿ.

ನಿಮ್ಮ ಅತ್ತೆಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಿಮ್ಮ ಪತ್ರದ ಆ ಸಾಲಿನಲ್ಲಿ ಸ್ವಲ್ಪ ಸಿಟ್ಟು ಕಂಡಿತು, ಅದು ಸಹಜ. ಆದರೆ ಕೆಲವರಿಗೆ, ಅದರಲ್ಲೂ ಹಳೆಯ ತಲೆಮಾರಿನ ಹೆಂಗಸರಿಗೆ, "ಸ್ತೋತ್ರ ತಂದೆಯೇ" ಎಂಬುದು ಅಯ್ಯೋ ದೇವರೇ ಎನ್ನುವುದಕ್ಕೆ ಇನ್ನೊಂದು ರೂಪ. ಮಗ ಹಾಸಿಗೆ ಹಿಡಿದಿರುವ ಮನೆಯಲ್ಲಿ ಆ ತಾಯಿಯ ನರಳಾಟ ಆ ಪದದೊಳಗೇ ಇರಬಹುದು. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, ಅತ್ತೇ ನಿಮಗೆ ಅಳು ಬರುವುದಿಲ್ಲವೇ ಎಂದು ಕೇಳಿ ನೋಡಿ.

ಇನ್ನು ಏನು ಮಾಡಬಹುದು ಎಂಬುದು. ಮಾತ್ರೆಗಳ ವಿಷಯದಲ್ಲಿ ಆಯ್ಕೆಯೇ ಇಲ್ಲ: ಯಾವ ಕೂಟಕ್ಕಾಗಿಯೂ, ಯಾರ ಮಾತಿನ ಮೇಲೂ, ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ. ಸ್ಟ್ರೋಕ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮತ್ತು ಬಿಪಿಯನ್ನು ಹಿಡಿತದಲ್ಲಿಡುವ ಔಷಧಗಳನ್ನು ನಿಲ್ಲಿಸಿದರೆ ಎರಡನೆಯ ಸ್ಟ್ರೋಕಿಗೆ ದಾರಿ ಮಾಡಿಕೊಟ್ಟಂತೆ, ಮತ್ತು ಮೊದಲನೆಯದು ಉಳಿಸಿದಷ್ಟನ್ನು ಎರಡನೆಯದು ಉಳಿಸಬೇಕೆಂದಿಲ್ಲ. ಪ್ರಾರ್ಥನೆಗೆ ಹೋಗುವುದಾದರೆ ಮಾತ್ರೆಯ ಡಬ್ಬಿಯೊಡನೆ ಹೋಗಿ. ಅದನ್ನು ಒಪ್ಪದ ಕೂಟಕ್ಕೆ ಹೋಗಬೇಡಿ.

ಆ ಹಾಡನ್ನು ಹಾಗೆಯೇ ಬಿಟ್ಟುಬಿಡದೆ ಸ್ಪೀಚ್ ಥೆರಪಿಸ್ಟ್ ಬಳಿ ಒಯ್ಯಿರಿ. 1970ರ ದಶಕದಲ್ಲಿ ಬೋಸ್ಟನ್ನಿನಲ್ಲಿ ರೂಪುಗೊಂಡ ಒಂದು ವಿಧಾನದಲ್ಲಿ, "ನೀರು ಬೇಕು" ಎಂಬಂಥ ಚಿಕ್ಕ ಮಾತನ್ನು ಏರು ಮತ್ತು ಇಳಿ ಎರಡೇ ಸ್ವರದಲ್ಲಿ ಗುನುಗಿಸುತ್ತಾ, ರೋಗಿಯ ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕಿಸುತ್ತಾ, ನಿಧಾನವಾಗಿ ರಾಗವನ್ನು ಕಳಚಿ ಮಾತಿನ ಕಡೆಗೆ ತರುತ್ತಾರೆ. ಎಲ್ಲರಿಗೂ ಇದು ಫಲಿಸುವುದಿಲ್ಲ. ಹೇಳಿದ್ದು ಅರ್ಥವಾಗುತ್ತಿದ್ದು, ಹೇಳಲು ಮಾತ್ರ ಆಗದವರಿಗೆ ಹೆಚ್ಚು ಹೊಂದುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ಹಾಗೂ ಕರಾವಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಈ ತಜ್ಞರು ಸಿಗುತ್ತಾರೆ. ಮೊದಲ ಆರು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ ಎಂಬುದು ನಿಜವಾದರೂ, 11 ತಿಂಗಳಾದ ಮೇಲೆ ಬಾಗಿಲು ಮುಚ್ಚಿತು ಎಂಬುದು ನಿಜವಲ್ಲ. ಇನ್ನೊಂದು: ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಕಣ್ಣಲ್ಲಿ ನೀರು ಬಂದರೆ ಅದನ್ನು ಪರವಶತೆ ಎಂದು ಕರೆಯುವ ಮೊದಲು ವೈದ್ಯರಿಗೆ ತಿಳಿಸಿ.

ನಿಮ್ಮ ಮಟ್ಟಿಗೆ, ಇದುವರೆಗೆ ಮಾಡುತ್ತಿರುವಂತೆ ಎಲ್ಲರ ಮುಂದೆ ತುಟಿಯಾಡಿಸಿ ನಿಭಾಯಿಸುವುದು ಒಂದು ದಾರಿ. ಮನೆಯ ಶಾಂತಿ ಉಳಿಯುತ್ತದೆ, ಆದರೆ ನಿಮಗಾಗುತ್ತಿರುವ ಆಯಾಸವನ್ನು ನೋಡಿದರೆ ಅದು ಹೆಚ್ಚು ದಿನ ನಡೆಯದು. ಮಗಳಂತೂ ಅದನ್ನು ನೋಡಿಯೇ ಹಿಂದೆ ಸರಿದಿರಬೇಕು. ಕೆಲವು ತಿಂಗಳು ಕೂಟಗಳಿಗೆ ಹೋಗದಿರುವುದು ಇನ್ನೊಂದು. ಅದರಿಂದ ಉಸಿರಾಡಲು ಜಾಗ ಸಿಗುತ್ತದೆ, ಆದರೆ ಹಾಸಿಗೆ ಹಿಡಿದವರ ಮನೆಯಲ್ಲಿ ಬಾಗಿಲು ಒಮ್ಮೆ ಮುಚ್ಚಿದರೆ ಜನರ ಕಾಲಸಪ್ಪಳ ಬೇಗ ನಿಂತುಹೋಗುತ್ತದೆ, ಆ ಒಂಟಿತನ ಸ್ತೋತ್ರದ ಒತ್ತಾಯಕ್ಕಿಂತ ಕಡಿಮೆ ಭಾರದ್ದೇನಲ್ಲ. ನನಗೆ ಹೆಚ್ಚು ನಂಬಿಕೆಯಿರುವುದು ನಡುವಿನ ದಾರಿಯಲ್ಲಿ: ಆರಾಧನೆಗೆ ಹೋಗಿ, ಹಾಡುವ ಹೊತ್ತಿನಲ್ಲಿ ಬಾಯಿ ಬಾರದಿದ್ದರೆ ಸುಮ್ಮನೆ ನಿಂತು ಉಳಿದವರ ಧ್ವನಿ ನಿಮ್ಮ ಪರವಾಗಿಯೂ ಏಳಲಿ ಎಂದು ಬಿಡಿ. ಸಭೆ ಎಂಬುದು ಇರುವುದೇ ಅದಕ್ಕಾಗಿ. ಮನೆಯಲ್ಲಿ ರಾತ್ರಿ, ಮೇಲೆ ಹೇಳಿದ ಅಳಲಿನ ಕೀರ್ತನೆಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ. ಯಜಮಾನರ ಹಾಸಿಗೆಯ ಪಕ್ಕದಲ್ಲೇ ಓದಿದರೆ ಇನ್ನೂ ಒಳ್ಳೆಯದು, ಅವರಿಗೂ ಯಾರಾದರೂ ಅಳಲನ್ನು ಓದಿ ಹೇಳಬೇಕಲ್ಲ. ಇದಕ್ಕೂ ಅಪಾಯವಿದೆ. ಒಬ್ಬರೇ ಓದುತ್ತಾ ಹೋದರೆ ಕತ್ತಲೆ ಕೆಲವೊಮ್ಮೆ ಇನ್ನಷ್ಟು ದಟ್ಟವಾಗುತ್ತದೆ. ಆದ್ದರಿಂದ ಸಭಾಪಾಲಕರೋ, ಸ್ತ್ರೀಯರ ಕೂಟದ ಒಬ್ಬ ಗೆಳತಿಯೋ, ನಿಮ್ಮ ಸಿಟ್ಟನ್ನು ಕೇಳಿ ಬೆಚ್ಚಿಬೀಳದ ಒಬ್ಬರು ಜೊತೆಗಿರಲಿ.

ದಿನಕ್ಕೆ ಇಂತಿಷ್ಟು ಕೃತಜ್ಞತೆಯ ಸಂಗತಿಗಳನ್ನು ಬರೆದಿಡಿ ಎಂಬ ಸಲಹೆಯನ್ನು ನಾನು ನಿಮಗೆ ಕೊಡುವುದಿಲ್ಲ. ಸಾಲ, ಸಂಬಳ, ಫಿಸಿಯೋಥೆರಪಿಯ ಲೆಕ್ಕ ಬರೆಯುವವರಿಗೆ ಅದು ಇನ್ನೊಂದು ಲೆಕ್ಕದ ಪುಸ್ತಕವಾಗುತ್ತದೆ. ಯಾವತ್ತಾದರೂ, ಅವರ ಎಡಗೈ ತಾನಾಗಿ ನಿಮ್ಮ ಕಡೆಗೆ ಬಂದಾಗಲೋ, ಗಂಜಿಯನ್ನು ಕೆಮ್ಮದೆ ನುಂಗಿದಾಗಲೋ, ಒಳಗಿನಿಂದ ಒಂದು ಮಾತು ತಾನಾಗಿ ಎದ್ದರೆ ಅದನ್ನು ತಡೆಯಬೇಡಿ.

ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಊಟ ಕೆಟ್ಟು ಯಾವುದರಲ್ಲಿಯೂ ಮನಸ್ಸು ನಿಲ್ಲದಿದ್ದರೆ, ಅಥವಾ ಬದುಕು ಸಾಕು ಎಂಬ ಯೋಚನೆ ಒಮ್ಮೆಯಾದರೂ ಬಂದರೆ, ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಗಳನ್ನು ಚರ್ಚಿಗೆ ಎಳೆದುಕೊಂಡು ಹೋಗಬೇಡಿ. ಅಪ್ಪನ ಹಾಡನ್ನು ಅವಳೂ ಕೇಳಿದ್ದಾಳೆ, ಉಳಿದವರ ಭರವಸೆಯ ಮಾತನ್ನೂ ನಂಬಿದ್ದಾಳೆ, ಅದು ಹುಸಿಯಾದದ್ದನ್ನೂ ಕಂಡಿದ್ದಾಳೆ. ನನಗೂ ದೇವರ ಮೇಲೆ ಸಿಟ್ಟಿದೆ ಎಂದು ನೀವು ಅವಳಿಗೆ ಹೇಳಿದರೆ ಅವಳ ನಂಬಿಕೆ ಕುಸಿಯುವುದಿಲ್ಲ. ಆ ಮನೆಯಲ್ಲಿ ತಾನೊಬ್ಬಳೇ ಹಾಗಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಹಾಡು ಹೇಗೆ ಬಂತು ಎಂಬ ಮೇಲಿನ ವಿವರಣೆಯನ್ನೂ ಅವಳಿಗೆ ಓದಿ ಹೇಳಿ. ಆ ವಯಸ್ಸಿನವರಿಗೆ ಕಾರಣ ಬೇಕು.

ಕೊನೆಗೆ ಸಾಕ್ಷಿಯ ವಿಷಯ. ನಿಮಗೆ ಇಷ್ಟವಿಲ್ಲದಿದ್ದರೆ, ಈಗ ಆಗುವುದಿಲ್ಲ ಅಯ್ಯನವರೇ ಎಂದು ಸಭಾಪಾಲಕರಿಗೆ ಮೊದಲೇ ತಿಳಿಸಿಬಿಡಿ, ಕಾರಣ ಕೊಡಬೇಕಾಗಿಲ್ಲ. ನಿಲ್ಲಲೇಬೇಕೆಂದು ನಿಮಗೇ ಅನ್ನಿಸಿದರೆ 13ನೆಯ ಕೀರ್ತನೆಯ ಆರು ವಚನಗಳನ್ನು ಓದಿ ಕುಳಿತುಕೊಳ್ಳಬಹುದು. ಆದರೆ ಈ ಎರಡಕ್ಕೂ ಮೊದಲು ಮಾಡಬೇಕಾದದ್ದೊಂದಿದೆ. ನಿಮ್ಮ ಪತ್ರದಲ್ಲಿ ಆ ಹಾಡಿನ ಬಗ್ಗೆ ಹಿರಿಯರು ಹೇಳಿದ್ದಿದೆ, ಅತ್ತೆಯ ಸ್ತೋತ್ರವಿದೆ, ಮಗಳ ಮೌನವಿದೆ. ಹಾಡಿದವರನ್ನು ಯಾರಾದರೂ ಕೇಳಿದರು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮಾತು ಹೋದ ಎಷ್ಟೋ ಮಂದಿಗೆ ನಾವು ಆಡಿದ್ದು ಬಹುಪಾಲು ಅರ್ಥವಾಗುತ್ತಿರುತ್ತದೆ. ಮನೆಯಲ್ಲಿ ಗದ್ದಲವಿಲ್ಲದ ಹೊತ್ತು ನೋಡಿ ಎದುರಿಗೆ ಕುಳಿತು, ಒಂದು ಹಾಳೆಯ ಮೇಲೆ ಹೌದು, ಬೇಡ ಎಂದು ದೊಡ್ಡದಾಗಿ ಬರೆದು ಅವರ ಎಡಗೈಗೆ ಎಟುಕುವಂತೆ ಇಡಿ. ನಿಮ್ಮ ಹಾಡಿನ ವಿಷಯ ಚರ್ಚಿನಲ್ಲಿ ಹೇಳಲೇ ಎಂದು ಕೇಳಿ. ಅಫೇಸಿಯಾ ಇದ್ದವರು ಹೌದು, ಬೇಡಗಳನ್ನು ಕೆಲವೊಮ್ಮೆ ಅದಲುಬದಲು ಮಾಡುವುದರಿಂದ ಸ್ವಲ್ಪ ಹೊತ್ತು ಬಿಟ್ಟು, ಹೇಳದೆ ಇರಲೇ ಎಂದು ತಿರುಗಿಸಿಯೂ ಕೇಳಿ. ಎರಡು ಸಲವೂ ಅವರ ಬೆರಳು ತೋರಿಸಿದ್ದು ಒಂದಕ್ಕೊಂದು ಹೊಂದಿದರೆ ಅದರಂತೆ ನಡೆಯಿರಿ.